ಬೈಬಲ್ ಡಾಟ್ ಈಸ್ ಆ್ಯಪ್: ಹುಕ್ಕು ಹಾಕುತ್ತಾ ಕೇಳಿದ ಸುವಾರ್ತೆ

ಕಾಸರಗೋಡಿನ ಉಪ್ಪಳದಲ್ಲಿ ಮನೆಯ ಜಗಲಿಯಲ್ಲೇ ನನ್ನ ಹೊಲಿಗೆ ಕೆಲಸ. ಮೆಷಿನ್ ಓಡುವಾಗ ಏನೂ ಕೇಳಿಸುವುದಿಲ್ಲ. ರವಿಕೆಗೆ ಹುಕ್ಕು ಹಾಕುವಾಗ, ಸೀರೆಗೆ ಫಾಲ್ ಹೊಲಿಯುವಾಗ ಕಿವಿ ಖಾಲಿ ಇರುತ್ತದೆ. ಆಗ ಬೈಬಲನ್ನು ಓದಿ ಕೇಳಿಸುವ ಈ ಆ್ಯಪ್ ಹಾಕಿಕೊಳ್ಳುತ್ತೇನೆ.

ಇದು ಅಮೆರಿಕದ ಫೇಯ್ತ್ ಕಮ್ಸ್ ಬೈ ಹಿಯರಿಂಗ್ ಎಂಬ ಸಂಸ್ಥೆಯದು. 2000ಕ್ಕೂ ಜಾಸ್ತಿ ಭಾಷೆಗಳಲ್ಲಿ ಆಡಿಯೋ ಇದೆ. ಪಕ್ಕದ ಮನೆಯ ಚೇಚಿ ಇದರಲ್ಲೇ ಮಲಯಾಳಂ ಕೇಳುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಡೌನ್‌ಲೋಡ್ ಮಾಡಿಟ್ಟರೆ ನೆಟ್ ಬೇಡ. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಕೈಕೊಡುವ ನಮ್ಮ ಕಡೆ ಇದು ದೊಡ್ಡ ಉಪಕಾರ.

ನಾನು ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದು ಬಿಟ್ಟು ವರ್ಷಗಳಾದವು. ಅಪ್ಪ ತೀರಿಕೊಂಡ ದಿನ, ಹೆಣ ಇನ್ನೂ ಮನೆಯಲ್ಲಿರುವಾಗಲೇ ಇಗರ್ಜಿಯ ವಂತಿಗೆ ಬಾಕಿಯ ಮಾತು ಬಂತು. ಅದನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ಹಾಗಂತ ಯೇಸುವನ್ನು ಬಿಟ್ಟಿಲ್ಲ. ಬಿಡುವುದಾದರೂ ಹೇಗೆ?

ಇಗರ್ಜಿಯ ಪೂಜೆಯಲ್ಲಿ ಸುವಾರ್ತೆಯನ್ನು, ಅಂದರೆ ಯೇಸುವಿನ ಜೀವನದ ಕತೆಯನ್ನು, ತುಂಡು ತುಂಡಾಗಿ ಓದುತ್ತಾರೆ. ಮತ್ತಾಯ, ಮಾರ್ಕ, ಲೂಕ ಅಂತ ಭಾನುವಾರಗಳ ಸುತ್ತು ಮುಗಿಯಲು 3 ವರ್ಷ ಬೇಕು. ಹಾಗಾಗಿ ಚಿಕ್ಕಂದಿನಿಂದ ಕೇಳಿದರೂ ಅದು ಒಂದೇ ಕತೆಯಾಗಿ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಮಾರ್ಕನ 16 ಅಧ್ಯಾಯಗಳನ್ನು ಒಂದೇ ಸಂಜೆ ಕೇಳಿದೆ. ಜನ ಮುತ್ತಿಕೊಂಡು ಊಟಕ್ಕೂ ಬಿಡುವಿಲ್ಲದೆ ಯೇಸು ಊರೂರು ಸುತ್ತಿದ್ದು ಆಗ ಮನಸ್ಸಿಗೆ ತಟ್ಟಿತು.

ಇಲ್ಲಿ ಒಬ್ಬರೇ ಓದುತ್ತಾ ಹೋಗುವುದಿಲ್ಲ. ಪಾತ್ರಕ್ಕೊಂದು ದನಿ. ಯೋಹಾನನ 9ನೇ ಅಧ್ಯಾಯ ಕೇಳಿ ನೋಡಿ. ಯೇಸುವಿನಿಂದ ಹುಟ್ಟುಕುರುಡನಿಗೆ ಕಣ್ಣು ಬರುತ್ತದೆ, ಧರ್ಮದ ಮುಖಂಡರು ವಿಚಾರಣೆ ಶುರುಮಾಡುತ್ತಾರೆ. ಯೆಹೂದ್ಯರ ಸಭಾಮಂದಿರದಿಂದ ಹೊರಗೆ ಹಾಕಿಯಾರು ಎಂದು ಹೆದರಿ ಅಪ್ಪ ಅಮ್ಮ, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಮಗ ಮಾತ್ರ ಜಗ್ಗುವುದಿಲ್ಲ. ಎಷ್ಟು ಗದರಿಸಿದರೂ ಎದುರುತ್ತರ ಕೊಡುತ್ತಾನೆ. ಕೊನೆಗೆ ಅವನನ್ನು ಆಚೆ ಹಾಕುತ್ತಾರೆ. ಆ ಸುದ್ದಿ ಕೇಳಿದ ಯೇಸು ತಾವಾಗಿಯೇ ಅವನನ್ನು ಕಂಡು ಮಾತಾಡಿಸುತ್ತಾರೆ. ಆಚೆ ಬಿದ್ದವನ ಹತ್ತಿರ ಅವರೇ ಬಂದರು! ಈ ಮಾತು ನನಗೆ ಎಷ್ಟು ಬೇಕಾಗಿತ್ತು ಅಂತ ಹೇಳಿ ಮುಗಿಯದು. ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ.

ಕೊರತೆ ಇಲ್ಲದಿಲ್ಲ. ಕೆಲವು ಕಡೆ ಹಿನ್ನೆಲೆ ಸಂಗೀತ ಜಾಸ್ತಿಯಾಗಿ ಮೆಲುದನಿಯ ಮಾತು ಮುಚ್ಚಿಹೋಗುತ್ತದೆ. ಬೈಬಲಿನಲ್ಲಿರುವ ಪೌಲನ ಪತ್ರಗಳು ಕೇಳುವುದಕ್ಕೆ ಕಷ್ಟ. ವಾಕ್ಯಗಳು ಉದ್ದುದ್ದ, ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ ಎಳೆ ತಪ್ಪುತ್ತದೆ. ಅವಕ್ಕೆ ಪುಸ್ತಕವೇ ಸರಿ.

ಈಗ ಭಾನುವಾರ ಪೂಜೆ ಮುಗಿಸಿ ಬಂದ ಅತ್ತಿಗೆ ಸಂಜೆ ನನ್ನ ಜೊತೆ ಕೂತು ಕೇಳುತ್ತಾರೆ. ನೀನೂ ಬಾ ಅಂತ ಅವರು ಒತ್ತಾಯ ಮಾಡುವುದಿಲ್ಲ, ನೀವು ಯಾಕೆ ಹೋಗುತ್ತೀರಿ ಅಂತ ನಾನೂ ಕೇಳುವುದಿಲ್ಲ. ಒಂದು ಅಧ್ಯಾಯ ಕೇಳಿ, ಅದರ ಬಗ್ಗೆ ಮಾತಾಡಿ, ಪ್ರಾರ್ಥನೆ ಮಾಡುತ್ತೇವೆ.

ಹೊಸದಾಗಿ ಕೇಳುವವರು ಮತ್ತಾಯನಿಂದ ಶುರು ಮಾಡಬೇಡಿ. ಮೊದಲಿಗೇ ವಂಶಾವಳಿ, ಬರೀ ಹೆಸರುಗಳು. ಮಾರ್ಕನನ್ನು ಹಾಕಿ. ಇಯರ್‌ಫೋನ್ ಬೇಡ, ಮನೆಯವರ ಕಿವಿಗೂ ಬೀಳಲಿ.