ಚಪ್ಪಟೆ ತಳವೋ, ಚೂಪು ತಳವೋ?

ನಾವಿರುವ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಕಾರಿನ ನಂಬರ್ ಪ್ಲೇಟ್ ಮೇಲೇ ‘10,000 ಕೆರೆಗಳು’ ಅಂತ ಬರೆದಿರುತ್ತದೆ. ಇಂಥ ಕಡೆ ಒಂಬತ್ತು ವರ್ಷ ದೋಣಿಯಿಲ್ಲದೆ ಕಳೆದದ್ದೇ ನಮ್ಮ ಸಾಧನೆ. ಹೋದ ಬೇಸಿಗೆಯಲ್ಲಿ ಮಕ್ಕಳ ಹಟಕ್ಕೆ ಸೋತೆವು. ಅಲ್ಯೂಮಿನಿಯಂ ದೋಣಿಯೇ ಸಾಕು ಅನ್ನುವುದರಲ್ಲಿ ಜಗಳ ಇರಲಿಲ್ಲ. ಹಗುರ, ನಮ್ಮ ಕಾರೇ ಎಳೆಯುತ್ತದೆ, ಕಲ್ಲಿಗೆ ತಾಗಿದರೂ ಸಾಮಾನ್ಯವಾಗಿ ನೆಗ್ಗಿ ಸುಮ್ಮನಾಗುತ್ತದೆ. ಜಗಳ ಇದ್ದದ್ದು ತಳದ ಬಗ್ಗೆ. ನನಗೆ ಚಪ್ಪಟೆ ತಳದ್ದು, ನಮ್ಮನೆಯವರಿಗೆ ಚೂಪು ತಳದ್ದು. ಎರಡನ್ನೂ ಓಡಿಸಿಯೇ ನೋಡೋಣ ಅಂದುಕೊಂಡೆವು.

ಮೊದಲು ಚಪ್ಪಟೆ ತಳದ್ದು. 14 ಅಡಿ, 15 ಎಚ್‌ಪಿ ಮೋಟರು, ಹಿಂದೆ ಕೂತು ಹಿಡಿ ತಿರುಗಿಸಿ ಓಡಿಸುವಂಥದ್ದು. ಎರಡು ದಿನಕ್ಕೆ ಬಾಡಿಗೆಗೆ ತಂದೆವು. ಒಳಗೆ ಅಂಟಿಸಿದ್ದ ಫಲಕದಲ್ಲಿ ನಾಲ್ಕೇ ಜನ ಅಂತಿತ್ತು. ಆಗ ಊರಿಂದ ಅಪ್ಪ ಬಂದಿದ್ದರು, ನಾವು ಐದು ಜನ. ಹಾಗಾಗಿ ನಮ್ಮನೆಯವರು ದಡದಲ್ಲೇ ಉಳಿದರು. ಅವರ ಮುಖ ನೋಡಬೇಕಿತ್ತು!

ಅಪ್ಪ ಸಾಗರದ ಕಡೆಯವರು. ಸ್ಕೂಟರ್ ಸಮೇತ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿದವರು. ಕೈ ಕೊಡುವ ಮೊದಲೇ ಒಳಗೆ ಕಾಲಿಟ್ಟರು. ದೋಣಿ ಅಲುಗಲಿಲ್ಲ. ‘ನಮ್ ಲಾಂಚಿನ ಮರಿ ಇದ್ದ ಹಾಗಿದೆ ಕಣೇ’ ಅಂದರು. ನಿಜ, ನಿಂತ ನೀರಿನಲ್ಲಿ ಇದು ಜಗಲಿಯೇ ಸರಿ. ಚಿತ್ರಾನ್ನದ ಡಬ್ಬಿ ಇಟ್ಟ ಜಾಗದಲ್ಲೇ ಇತ್ತು. ಇಬ್ಬರು ಮಕ್ಕಳೂ ಒಂದೇ ಕಡೆ ಬಗ್ಗಿ ಮೀನು ನೋಡಿದರೂ ಅಷ್ಟಾಗಿ ವಾಲಲಿಲ್ಲ. ಅಡಿಯಷ್ಟು ನೀರಿರುವ ತಾವರೆ ಎಲೆಗಳ ನಡುವೆಯೂ ನುಗ್ಗಿದೆವು. ನಾನು ಮನಸ್ಸಿನಲ್ಲೇ ದುಡ್ಡು ಕೊಟ್ಟಾಗಿತ್ತು.

ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದಿತು. ಗೇಣುದ್ದದ ಅಲೆ, ಅಷ್ಟೇ. ಆದರೆ ಒಂದೊಂದು ಅಲೆಗೂ ತಗಡಿನ ಮೇಲೆ ಒನಕೆ ಹಾಕಿದ ಹಾಗೆ ದಡ್, ದಡ್. ಚಪ್ಪಟೆ ತಳ ಅಲೆಯನ್ನು ಸೀಳುವುದಿಲ್ಲ, ಅದರ ಮೇಲೆ ಬೀಳುತ್ತದೆ. ವೇಗ ತಗ್ಗಿಸಿದರೆ ನೀರು ಮುಖಕ್ಕೆ, ಏರಿಸಿದರೆ ಏಟು ಬೆನ್ನಿಗೆ. ‘ಸೊಂಟ ಮುರಿಸೋಕೆ ಕರ್ಕೊಂಡ್ ಬಂದ್ಯಾ?’ ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೂಪು ತಳದ್ದು 16 ಅಡಿ, 40 ಎಚ್‌ಪಿ, ಸ್ಟೀರಿಂಗ್ ಇದ್ದದ್ದು. ಸಹೋದ್ಯೋಗಿಯೊಬ್ಬರು ಮಿಲ್ ಲ್ಯಾಕ್ಸ್ ಕೆರೆಗೆ ಕರೆದೊಯ್ದು ಓಡಿಸಲು ಕೊಟ್ಟರು. ಆ ಕೆರೆ 500 ಚದರ ಕಿಲೋಮೀಟರ್‌ಗಿಂತ ದೊಡ್ಡದು, ಆದರೆ ಆಳ ಎಲ್ಲೂ 45 ಅಡಿ ದಾಟುವುದಿಲ್ಲ. ಗಾಳಿ ಬಂದರೆ ಕಡಿದಾದ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ಪರೀಕ್ಷೆಗೆ ಇದಕ್ಕಿಂತ ಜಾಗ ಬೇಕಾ?

ಹತ್ತುವಾಗಲೇ ದೋಣಿ ಒಂದು ಕಡೆ ವಾಲಿತು. ಅಪ್ಪ ಕಂಬ ಹಿಡಿದು ನಿಂತರು, ‘ನೀವು ಹೋಗ್ಬನ್ನಿ’ ಅಂದರು. ಒತ್ತಾಯ ಮಾಡಿ ಹತ್ತಿಸಿದೆವು. ಸ್ಟೀರಿಂಗ್ ಪೆಟ್ಟಿಗೆ ಒಬ್ಬರು ಕೂರುವ ಜಾಗ ನುಂಗಿತ್ತು. ಆದರೆ ಅಲೆಗೆ ಎದುರಾದಾಗ ಮೂತಿ ನೀರನ್ನು ಸೀಳಿ ಎರಡೂ ಪಕ್ಕಕ್ಕೆ ತಳ್ಳುತ್ತಿತ್ತು. ಕುಲುಕಾಟ ಇತ್ತು, ಏಟು ಇರಲಿಲ್ಲ. ಅರ್ಧ ದಾರಿಯಲ್ಲಿ ನೋಡಿದರೆ ಅಪ್ಪ ತೂಕಡಿಸುತ್ತಿದ್ದಾರೆ!

ಪೆಟ್ರೋಲು ಮಾತ್ರ ಜಾಸ್ತಿ. ಪೂರ್ತಿ ವೇಗದಲ್ಲಿ ಹತ್ತು ಎಚ್‌ಪಿಗೆ ಗಂಟೆಗೊಂದು ಗ್ಯಾಲನ್ (ಸುಮಾರು 3.8 ಲೀಟರ್) ಅಂತ ಇಲ್ಲಿನವರ ಅಂದಾಜು. ಅಂದರೆ 15ರದ್ದಕ್ಕೆ ಒಂದೂವರೆ, 40ರದ್ದಕ್ಕೆ ನಾಲ್ಕು. ಇಳಿಜಾರಿನಲ್ಲಿ ಟ್ರೈಲರ್ ಹಿಮ್ಮುಖ ಬಿಟ್ಟು ನೀರಿಗಿಳಿಸುವ ಕೆಲಸವೂ ಭಾರ. ಚಪ್ಪಟೆಯದನ್ನು ನಾನೊಬ್ಬಳೇ ಇಳಿಸಿದ್ದೆ.

ಆದರೂ ಚೂಪು ತಳಕ್ಕೇ ಒಪ್ಪಿದೆ. ಬೆಳಗ್ಗೆ ಹೋಗುವಾಗ ಯಾವ ದೋಣಿಯಾದರೂ ಚೆನ್ನಾಗಿಯೇ ಇರುತ್ತದೆ. ನಾನು ಲೆಕ್ಕ ಹಾಕಿದ್ದು ಮಧ್ಯಾಹ್ನದ ಗಾಳಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ವಾಪಸ್ ಬರುವುದನ್ನು. ಮನೆ ಹತ್ತಿರದ ಪುಟ್ಟ ಕೆರೆಯಲ್ಲಿ ಮೀನು ಹಿಡಿದರೆ ಸಾಕು ಅನ್ನುವವರು ಚಪ್ಪಟೆಯದನ್ನೇ ಕೊಳ್ಳಲಿ, ದುಡ್ಡೂ ಉಳಿಯುತ್ತದೆ.

ನಮ್ಮದು ಸೆಕೆಂಡ್ ಹ್ಯಾಂಡ್, 25 ಎಚ್‌ಪಿ, ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ್ದು. ಹಳೇ ರಿವೆಟ್ ಸಡಿಲಾದರೆ ನೀರು ಜಿನುಗುತ್ತದೆ. ಅದಕ್ಕೆ ದೋಣಿ ಟ್ರೈಲರ್ ಮೇಲಿದ್ದಾಗಲೇ ಒಳಗೆ ಗೇಣು ನೀರು ಬಿಟ್ಟು, ಕೆಳಗೆ ಬಗ್ಗಿ ತಳ ನೋಡಿದೆವು. ಎರಡೇ ಕಡೆ ಹನಿ ಕಂಡಿತು. ಅದನ್ನೇ ತೋರಿಸಿ ಬೆಲೆ ಇಳಿಸಿದ್ದೂ ಆಯಿತು.

ಮೊದಲ ದಿನ ನೀರಿಗಿಳಿಸಿ ಐದು ನಿಮಿಷ ಆಗಿರಲಿಲ್ಲ. ‘ಅಮ್ಮಾ, ನನ್ ಸಾಕ್ಸ್ ಒದ್ದೆ’ ಅಂದಳು ಮಗಳು. ರಿವೆಟ್ ಅಲ್ಲ, ಒಳಗಿನ ನೀರು ಬಸಿದು ಹೋಗಲು ತಳದಲ್ಲಿರುವ ತೂತಿನ ಬಿರಡೆ! ಒಂದು ಕೆರೆಯ ಜೀಬ್ರಾ ಮಸಲ್ ಚಿಪ್ಪುಹುಳ ಇನ್ನೊಂದಕ್ಕೆ ಹೋಗಬಾರದು ಅಂತ, ದೋಣಿ ರಸ್ತೆಯಲ್ಲಿರುವಾಗ ಬಿರಡೆ ತೆಗೆದಿರಬೇಕು ಅನ್ನುವುದು ಇಲ್ಲಿನ ಕಾನೂನು. ತೆಗೆದದ್ದು ನೆನಪಿತ್ತು, ಹಾಕಿದ್ದು ಯಾರು? ಈಗ ಆ ಬಿರಡೆ ಕಾರಿನ ಕೀ ಗೊಂಚಲಿನಲ್ಲೇ ನೇತಾಡುತ್ತದೆ.