ಒಂದೇ ತಕ್ಕಡಿ, ಮೂರು ಭಾಷೆ

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ತೂಕದ ಯಂತ್ರ ಓದುವ ಸಿ ಲೈಬ್ರರಿ ಬರೆದುಕೊಟ್ಟಿದ್ದೆ. ‘ಇದನ್ನ ಸ್ಕ್ರಿಪ್ಟ್‌ನಿಂದ ಕರೆಯೋ ಹಾಗೆ ಮಾಡಿಕೊಡಿ ಸಾರ್’ ಅಂದರು. ಯಾವ ಭಾಷೆ ಅಂತ ಹೇಳಲಿಲ್ಲ. ನನಗೂ ಕುತೂಹಲ. ‘ತಕ್ಕಡಿ’ ಅನ್ನುವ ಒಂದೇ ಕ್ಲಾಸನ್ನು ರೂಬಿ, ಲುವಾ, ಪೈಥಾನ್ ಮೂರರ ಸಿ ಎಪಿಐನಲ್ಲೂ (ಸಿ ಕೋಡನ್ನು ಆ ಭಾಷೆಗೆ ಜೋಡಿಸುವ ಫಂಕ್ಷನ್‌ಗಳು) ಕಟ್ಟಿ ನೋಡಿದೆ.

ರೂಬಿ ಒಂದೇ ಸಂಜೆಯ ಕೆಲಸ. ‘ಆರ್‌ಬಿ_ಡಿಫೈನ್_ಕ್ಲಾಸ್’ಗೆ ಹೆಸರು, ಪೇರೆಂಟ್ ಕ್ಲಾಸ್ ಕೊಟ್ಟರೆ ಕ್ಲಾಸ್ ರೆಡಿ. ‘ಆರ್‌ಬಿ_ಡಿಫೈನ್_ಮೆಥಡ್’ನಿಂದ ಸಿ ಫಂಕ್ಷನ್ ಅಂಟಿಸಿದರೆ ಮೆಥಡ್ ಆಯಿತು. ತಕ್ಕಡಿಯ ಸಿ ಡೇಟಾ ಇರುವ ಸ್ಟ್ರಕ್ಟನ್ನು ರೂಬಿಯ ಹೊದಿಕೆಯಾದ ಟೈಪ್ಡ್‌ಡೇಟಾದಲ್ಲಿ ಸುತ್ತಿಟ್ಟರೆ ಮೆಮೊರಿ ಬಿಡಿಸುವುದು ಜಿಸಿ (ಬೇಡದ ಮೆಮೊರಿಯನ್ನು ಆಗಾಗ ಗುಡಿಸುವ ಗಾರ್ಬೇಜ್ ಕಲೆಕ್ಟರ್) ಪಾಡು.

ಲುವಾದಲ್ಲಿ ಕ್ಲಾಸೇ ಇಲ್ಲ! ಯೂಸರ್‌ಡೇಟಾ (ಸಿ ಡೇಟಾ ಇಡುವ ಡಬ್ಬಿ) ಮಾಡಿ, ಅದಕ್ಕೆ ಮೆಟಾಟೇಬಲ್ (ಅದು ಹೇಗೆ ನಡೆದುಕೊಳ್ಳಬೇಕು ಅನ್ನುವ ಪಟ್ಟಿ) ತೊಡಿಸಿ, ಆ ಟೇಬಲ್ಲಿನ ‘__ಇಂಡೆಕ್ಸ್’ ಅದೇ ಟೇಬಲ್ಲಿಗೆ ತಿರುಗಿಸಬೇಕು, ಮೆಥಡ್ ಅಲ್ಲೇ ಹುಡುಕಲಿ ಅಂತ. ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿದ ಮೌಲ್ಯಗಳು) ಮೂಲಕ. ಮೇಲಿನದು -1, ಅದರ ಕೆಳಗಿನದು -2. ಬೆಸ್ಕಾಂ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೇ ಮುಗಿಸಿದೆ.

ಜಾಸ್ತಿ ಸತಾಯಿಸಿದ್ದು ಪೈಥಾನ್. ಕ್ಲಾಸ್ ಕಟ್ಟುವುದು ‘ಪೈಟೈಪ್_ಫ್ರಮ್‌ಸ್ಪೆಕ್’ನಿಂದ ಸುಲಭವೇ ಆಯಿತು. ತಲೆನೋವು ರೆಫರೆನ್ಸ್ ಲೆಕ್ಕದ್ದು: ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಅನ್ನುವ ಎಣಿಕೆ, ಸೊನ್ನೆಗೆ ಇಳಿದರೆ ಪೈಥಾನ್ ಅದನ್ನು ಅಳಿಸುತ್ತದೆ. ತೂಕ ಇನ್ನೂ ಅಲುಗಾಡುತ್ತಿದ್ದರೆ ‘ನನ್’ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಅನ್ನುವ ಮೌಲ್ಯ) ವಾಪಸ್ ಕೊಡುತ್ತಿದ್ದೆ, ಅದರ ಲೆಕ್ಕ ಒಂದು ಏರಿಸಲು ಮರೆತಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 3.12. ಆ ಆವೃತ್ತಿಯಿಂದ ‘ನನ್’ಗೆ ಸಾವೇ ಇಲ್ಲ, ಹಾಗಾಗಿ ತಪ್ಪು ಗೊತ್ತೇ ಆಗಲಿಲ್ಲ. ಅವರ ಹಳೇ ಪಿಸಿಯಲ್ಲಿ 3.8. ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡಿ, ಊಟದ ಹೊತ್ತಿಗೆ ‘ಡೀಅಲೊಕೇಟಿಂಗ್ ನನ್’ ಅಂತ ಬಿದ್ದುಹೋಯಿತು. ತುಮಕೂರು ರಸ್ತೆಯ ಟ್ರಾಫಿಕ್ ದಾಟಿ ಹೋಗಿ, ಒಂದೇ ಒಂದು ಸಾಲು ಸೇರಿಸಿ ಬಂದೆ.

ಆದರೆ ಅದೇ ಲೆಕ್ಕದಿಂದ ಒಂದು ಲಾಭವೂ ಇದೆ. ಇನ್‌ಸ್ಟನ್ಸ್ ಹಿಡಿದಿದ್ದ ಕೊನೆಯ ವೇರಿಯಬಲ್ ಹೋದ ತಕ್ಷಣ ತೂಕದ ಯಂತ್ರಕ್ಕೆ ಜೋಡಿಸಿದ ಸೀರಿಯಲ್ ಪೋರ್ಟ್ ಮುಚ್ಚುತ್ತದೆ. ರೂಬಿ, ಲುವಾಗಳಲ್ಲಿ ಜಿಸಿ ಬರುವವರೆಗೂ ಪೋರ್ಟಿಗೆ ನಾನು ಹಾಕಿದ ಲಾಕ್ ಬಿಡುವುದಿಲ್ಲ. ಅಷ್ಟರಲ್ಲಿ ಅದೇ ಪೋರ್ಟಿಗೆ ಇನ್ನೊಂದು ‘ತಕ್ಕಡಿ’ ತೆರೆಯಲು ಹೋದರೆ ‘ಬಿಜಿ’ ಅಂತ ಬೈಗುಳ. ರೂಬಿಯಲ್ಲಿ ಬ್ಲಾಕ್ (ಮೆಥಡ್‌ಗೆ ಕೊಡುವ ಕೋಡಿನ ತುಂಡು) ತೆಗೆದುಕೊಂಡು, ಅದು ಹೇಗೇ ಮುಗಿದರೂ, ‘ಆರ್‌ಬಿ_ಎನ್ಶೂರ್’ನಿಂದ ಮುಚ್ಚಿಸಿದೆ. ಲುವಾ 5.4ರಲ್ಲಿ ಲೋಕಲ್ ವೇರಿಯಬಲ್ಲಿಗೆ ‘ಕ್ಲೋಸ್’ ಗುರುತು ಹಾಕಬಹುದು, ‘__ಕ್ಲೋಸ್’ ಮೆಟಾಮೆಥಡ್ ಬರೆದಿರಬೇಕು ಅಷ್ಟೇ.

ಸುಮ್ನೆ ನನಗಾಗಿ ಬರೆಯುವುದಾದರೆ ರೂಬಿಯೇ. ಅವರಿಗೆ ಮಾತ್ರ ಪೈಥಾನ್ ಕೊಟ್ಟೆ. ಅಲ್ಲಿನ ಡಿಪ್ಲೊಮಾ ಹುಡುಗರಿಗೆ ಬರುವುದು ಅದೊಂದೇ.