ಬಟ್ಟೆ ಡೈಪರ್, ಎರಡು ಮಳೆಗಾಲ: ಕೊಡಗಿನ ಎರಡು ಮನೆಗಳಲ್ಲಿ 20 ತಿಂಗಳ ಬಳಕೆ

ಕಳೆದ ವರ್ಷದ ಜನವರಿಯಲ್ಲಿ ಮಗಳು ಹುಟ್ಟುವ ಮೊದಲೇ, ಒಗೆದು ಮತ್ತೆ ಬಳಸಬಹುದಾದ 12 ಬಟ್ಟೆ ಡೈಪರ್‌ಗಳ ಕಟ್ಟೊಂದನ್ನು 5,400 ರೂಪಾಯಿ ಕೊಟ್ಟು ತರಿಸಿದ್ದೆವು. ಮೊದಲ ಐದು ತಿಂಗಳು, ಬಾಣಂತನದ ಅವಧಿಯಲ್ಲಿ, ಅವು ಕುಶಾಲನಗರದ ನನ್ನ ತವರಿನಲ್ಲಿ ಬಳಕೆಯಾದವು. ಉಳಿದ ಕಾಲವೆಲ್ಲ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯ ಗಂಡನ ಮನೆಯಲ್ಲಿ. ಎರಡೂ ಕೊಡಗಿನವೇ ಆದರೂ ಮಳೆಯ ವಿಷಯದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಊರುಗಳು. ಕುಶಾಲನಗರ ಮೈಸೂರಿನ ಬಯಲಿಗೆ ಅಂಟಿಕೊಂಡ ಒಣ ಸೀಮೆ. ಶಾಂತಳ್ಳಿಯಾದರೋ ಪುಷ್ಪಗಿರಿ ಬೆಟ್ಟದ ಮಗ್ಗುಲಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತಲೇ ಇರುವ ಜಾಗ. ಆದ್ದರಿಂದ ಈ ವಸ್ತುವಿಗೆ ಒಂದೇ ಅಂಕ ಕೊಡಲು ನನ್ನಿಂದಾಗದು. ಕುಶಾಲನಗರದಲ್ಲಿ ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೆ. ಇಲ್ಲಿ ಶಾಂತಳ್ಳಿಯಲ್ಲಿ, ಅಂಗಡಿಯಿಂದ ಬಂದ ಹಾಗೆಯೇ ಬಳಸಿದರೆ ಎರಡೂವರೆ, ನಾವು ಮಾಡಿಕೊಂಡ ಬದಲಾವಣೆಯ ನಂತರ ನಾಲ್ಕು.

ಈ ಡೈಪರ್‌ನಲ್ಲಿ ಇರುವುದು ಎರಡು ಭಾಗ. ಹೊರಗಿನದು ಒಂದು ಕವಚ: ಒಳಮೈಗೆ ಪಾಲಿಯುರಿಥೇನ್ ಪೊರೆ ಅಂಟಿಸಿದ ತೆಳ್ಳನೆಯ ಪಾಲಿಯೆಸ್ಟರ್ ಬಟ್ಟೆ, ತೊಡೆಯ ಸುತ್ತ ಎಲಾಸ್ಟಿಕ್, ಮುಂಭಾಗದಲ್ಲಿ ಮಗು ಬೆಳೆದಂತೆ ಅಳತೆ ಬದಲಿಸಿಕೊಳ್ಳಲು ಸಾಲಾಗಿ ಟಿಚ್ ಬಟನ್‌ಗಳು. ಕವಚದೊಳಗೆ ಒಂದು ಜೇಬಿದ್ದು, ಮೂತ್ರವನ್ನು ಹೀರುವ ಒಳಹಾಸನ್ನು ಅದರೊಳಗೆ ತೂರಿಸಬೇಕು. ನಮ್ಮ ಕಟ್ಟಿನಲ್ಲಿ ಮೈಕ್ರೋಫೈಬರ್‌ನ 12 ಮತ್ತು ಬಿದಿರು ನಾರಿನ 12 ಒಳಹಾಸುಗಳಿದ್ದವು. ಕಟ್ಟನ್ನು ಬಿಚ್ಚಿದ ದಿನ ಅತ್ತೆ ಒಂದನ್ನು ತಿರುಗಿಸಿ ನೋಡಿ, "ಲಂಗೋಟಿಗೇ ಎಲಾಸ್ಟಿಕ್ ಹೊಲಿದಿದ್ದಾರೆ, ಅಷ್ಟೇ ಅಲ್ಲವಾ?" ಎಂದಿದ್ದರು. ಆಗ ನನಗೆ ಸ್ವಲ್ಪ ಸಿಟ್ಟು ಬಂದಿತ್ತು. ಆದರೆ ಅವರ ಮಾತೇ ಕೊನೆಗೆ ದಾರಿ ತೋರಿಸಿತು.

ಹುಟ್ಟಿದ ದಿನದಿಂದಲೇ ಬಳಸಬಹುದು ಎಂಬ ಭರವಸೆಯನ್ನು ನಂಬಬೇಡಿ. ಎರಡು ಕಿಲೋ ಎಂಟುನೂರು ಗ್ರಾಂ ತೂಕದ ಮಗುವಿನ ತೊಡೆಗೂ ಎಲಾಸ್ಟಿಕ್‌ಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ತೂಕ ನಾಲ್ಕು ಕಿಲೋ ದಾಟುವವರೆಗೆ ಹಳೆಯ ಲಂಗೋಟಿಯೇ ಗತಿಯಾಯಿತು. ಹೊಸ ಒಳಹಾಸುಗಳನ್ನು ನಾಲ್ಕೈದು ಸಲ ಒಗೆದ ಮೇಲಷ್ಟೇ ಅವು ಸರಿಯಾಗಿ ಹೀರತೊಡಗುತ್ತವೆ. ಹೆರಿಗೆಗೆ ಮುಂಚೆಯೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ತಿಂಗಳಲ್ಲಿ, ಅಲ್ಲಿಯವರೆಗೆ ಎರಡೂವರೆ ಗಂಟೆ ತಡೆಯುತ್ತಿದ್ದ ಡೈಪರ್‌ಗಳು ಅರ್ಧ ಗಂಟೆಗೇ ಸೋರತೊಡಗಿದವು. ಕಂಪನಿಗೆ ಬರೆದಾಗ, ಒಳಹಾಸುಗಳನ್ನು ಎರಡೆರಡು ಹಾಕಿ ಎಂದರು. ಹಾಕಿದರೂ ಸೋರಿತು. ಒಂದು ಮಧ್ಯಾಹ್ನ ಒಗೆದು ಒಣಗಿದ್ದ ಒಳಹಾಸಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿದರೆ, ಅದು ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಹೋಯಿತು. ಕಾರಣ ಎಣ್ಣೆ. ಅಮ್ಮ ಪ್ರತಿದಿನ ಬೆಳಿಗ್ಗೆ ಮಗುವಿಗೆ ತಲೆಯಿಂದ ಪಾದದವರೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿ ನೀರು ಹೊಯ್ದು, ಮೈ ಒರೆಸಿದ ಕೂಡಲೇ ಡೈಪರ್ ಕಟ್ಟುತ್ತಿದ್ದರು. ಮೈಯಲ್ಲಿ ಉಳಿದ ಜಿಡ್ಡು ದಿನದಿಂದ ದಿನಕ್ಕೆ ಬಟ್ಟೆಯ ನಾರಿಗೆ ಏರುತ್ತಿತ್ತು. ಕೆಂಪು ಗುಳ್ಳೆಗಳಿಗೆ ಹಚ್ಚುವ ಸತುವಿನ ಮುಲಾಮು ಕೂಡ ಹೀಗೆಯೇ ಮಾಡುತ್ತದೆ. ಎಣ್ಣೆಸ್ನಾನವೆಂಬುದು ನಮ್ಮ ಪ್ರತಿ ಮನೆಯಲ್ಲೂ ನಡೆಯುವಾಗ, ಇದೊಂದು ಎಚ್ಚರಿಕೆ ಡೈಪರ್ ಜೊತೆ ಬಂದ ಎಂಟು ಪುಟದ ಕೈಪಿಡಿಯಲ್ಲಿ ಇಲ್ಲದಿರುವುದನ್ನು ನಾನು ಸಣ್ಣ ಲೋಪವೆಂದು ಎಣಿಸಲಾರೆ. ಒಳಹಾಸುಗಳನ್ನಷ್ಟೇ ಹಂಡೆಯ ಬಿಸಿ ನೀರಿನಲ್ಲಿ ಸೋಪಿನ ಪುಡಿ ಹಾಕಿ ರಾತ್ರಿಯಿಡೀ ನೆನೆಸಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿದ ಮೇಲೆ ಅವು ಮೊದಲಿನಂತಾದವು. ಅಲ್ಲಿಂದ ಮುಂದೆ ಸ್ನಾನವಾದ ಮೇಲೆ ಒಂದು ಗಂಟೆ ಲಂಗೋಟಿ, ಆಮೇಲೆ ಡೈಪರ್ ಎಂಬ ಕ್ರಮ ಇಟ್ಟುಕೊಂಡೆವು. ಬಟ್ಟೆಯನ್ನು ಮೃದು ಮಾಡುವ ದ್ರವವನ್ನು ಒಗೆಯುವಾಗ ಹಾಕಬಾರದು. ಅದೂ ನಾರಿನ ಮೇಲೆ ಇಂಥದೇ ಪದರ ಕಟ್ಟುತ್ತದೆ.

ಜೂನ್ ಮೊದಲ ವಾರ ಶಾಂತಳ್ಳಿ ಕಡೆಗೆ ಬಂದೆವು, ಮಳೆಯೂ ನಮ್ಮ ಹಿಂದೆಯೇ ಬಂದಿತು. ಕೈಪಿಡಿಯಲ್ಲಿ "ನೇರ ಬಿಸಿಲಿನಲ್ಲಿ ಒಣಗಿಸಿ" ಎಂದು ಬರೆದಿತ್ತು. ನಮ್ಮಲ್ಲಿ ಜುಲೈ ತಿಂಗಳಲ್ಲಿ ನೇರ ಬಿಸಿಲು ಬಿದ್ದರೆ ಅದನ್ನು ನೋಡಲು ಅಕ್ಕಪಕ್ಕದವರು ಅಂಗಳಕ್ಕೆ ಇಳಿಯುತ್ತಾರೆ. ಕವಚಗಳಿಗೆ ತೊಂದರೆಯಾಗಲಿಲ್ಲ, ಜಗಲಿಯ ತಂತಿಯ ಮೇಲೆ ನೇತುಹಾಕಿದರೆ ಮರುದಿನಕ್ಕೆ ಒಣಗುತ್ತಿದ್ದವು. ಮೈಕ್ರೋಫೈಬರ್ ಒಳಹಾಸಿಗೆ ಎರಡು ದಿನ ಬೇಕಾಯಿತು. ಬಿದಿರು ನಾರಿನದು ಮಾತ್ರ, ಅಂಗಡಿಯವರು ಹೆಚ್ಚು ಹೀರುತ್ತದೆಂದು ಹೊಗಳಿದ್ದ ಅದೇ ಒಳಹಾಸು, ಕುಡಿದ ನೀರನ್ನು ಬಿಟ್ಟುಕೊಡಲು ಒಪ್ಪದೆ ನಾಲ್ಕನೆಯ ದಿನಕ್ಕೂ ನಡುಭಾಗದಲ್ಲಿ ತಣ್ಣಗೇ ಇರುತ್ತಿತ್ತು. ನಾಲ್ಕು ಪದರಗಳನ್ನು ಒಟ್ಟಿಗೆ ಹೊಲಿದಿರುವುದರಿಂದ ಒಳಗಿನ ಪದರಗಳಿಗೆ ಗಾಳಿ ತಾಗುವುದೇ ಇಲ್ಲ. ಮೊದಲ ತಿಂಗಳಲ್ಲೇ ಮೂರರ ಮೇಲೆ ಕರಿಚುಕ್ಕೆಯ ಬೂಷ್ಟು ಬಂದಿತು, ಅವುಗಳನ್ನು ಎಸೆದೆವು. ಈ ಮಳೆಯಲ್ಲಿ ಏನು ಮಾಡಬೇಕೆಂದು ಕಂಪನಿಯನ್ನು ಮತ್ತೊಮ್ಮೆ ಕೇಳಿದಾಗ ಬಂದ ಉತ್ತರ, ಕೈಪಿಡಿಯ ಅದೇ ಸಾಲು.

ಅಡುಗೆಮನೆಯ ಸೌದೆ ಒಲೆಯ ಮೇಲಿನ ಬಿದಿರು ಗಳದಲ್ಲಿ ಒಣಗಿಸಿ ನೋಡಿದೆವು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ದಿನ ಆವಿಗೆ ಎಲ್ಲವೂ ಮತ್ತೆ ತೇವವಾಗುತ್ತಿತ್ತು. ಒಣಮೀನು ಸುಟ್ಟ ಸಂಜೆ ಮಗುವಿನಿಂದ ಬಂದ ವಾಸನೆಯನ್ನು ನೆನೆದು ನಾದಿನಿ ಇಂದಿಗೂ ನಗುತ್ತಾಳೆ. ಅಲ್ಲಿಂದ ಬಚ್ಚಲ ಒಲೆಯ ಬಳಿಗೆ ಹೋದೆವು. ಹಳೆಯ ಕಾಲದಂತೆ ಕೆಂಡದ ಮೇಲೆ ಬುಟ್ಟಿಯನ್ನು ಕವುಚಿ ಹಾಕಿ ಒಳಹಾಸುಗಳನ್ನು ಅದರ ಮೇಲೆ ಹರಡಿದರೆ ಎರಡು ಗಂಟೆಯಲ್ಲಿ ಮೇಲ್ಮೈ ಗರಿಗರಿಯಾಗುತ್ತಿತ್ತು. ಅದೇ ಹುರುಪಿನಲ್ಲಿ ಎರಡು ಕವಚಗಳನ್ನೂ ಹಾಗೆಯೇ ಹರಡಿದ್ದು ನನ್ನ ತಪ್ಪು: ಶಾಖಕ್ಕೆ ಪೊರೆ ಬಟ್ಟೆಯಿಂದ ಬಿಟ್ಟುಕೊಂಡು ಹಪ್ಪಳದಂತೆ ಉಬ್ಬಿತು, ಅವು ಮತ್ತೆ ನೀರು ತಡೆಯಲಿಲ್ಲ.

ಆಗ ಅತ್ತೆಯ ಮಾತು ನೆನಪಾಯಿತು. ಕವಚ ಅಂಗಡಿಯದೇ ಇರಲಿ, ಒಳಗೆ ಲಂಗೋಟಿಯ ಬಟ್ಟೆಯನ್ನೇ ಇಟ್ಟರೆ ಹೇಗೆ? ಮಾವನವರ ಹಳೆಯ ಹತ್ತಿ ಪಂಚೆಗಳನ್ನು 60 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿದೆ. ಹರಿದ ಭಾಗ ಬಿಟ್ಟರೂ ಒಂದು ಪಂಚೆಯಲ್ಲಿ ಎಂಟು ಹತ್ತು ಚೌಕ ಸಿಗುತ್ತವೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದಲ್ಲಿ ಅಂಚನ್ನಷ್ಟೇ ಮಡಚಿ ಹೊಲಿಯಬೇಕು, ಮಗು ಮಲಗಿದ ಒಂದು ಮಧ್ಯಾಹ್ನಕ್ಕೆ ಒಂದು ಪಂಚೆಯ ಕೆಲಸ ಮುಗಿಯುತ್ತದೆ. ಚೌಕವನ್ನು ನಡುವಿಗೆ ಒಮ್ಮೆ ಮಡಚಿ, ಆಮೇಲೆ ಉದ್ದದ ಬದಿಯನ್ನು ಐದು ಮಡಿಕೆ ಮಾಡಿದರೆ 30 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಹತ್ತು ಪದರದ ಹಾಸು ಸಿದ್ಧವಾಗಿ ಜೇಬಿನಲ್ಲಿ ಹಿತವಾಗಿ ಕೂರುತ್ತದೆ. ಒಗೆಯುವಾಗ ಅದು ಹತ್ತು ಪದರವಲ್ಲ, ಒಂದೇ ಪದರ. ಗುಟ್ಟು ಇರುವುದು ಇಲ್ಲಿಯೇ. ಮಳೆ ಎಷ್ಟೇ ಹೊಯ್ಯಲಿ, ಬಚ್ಚಲ ಗಳದ ಮೇಲೆ ರಾತ್ರಿ ಹರಡಿದ್ದು ಬೆಳಿಗ್ಗೆ ಒಣಗಿರುತ್ತದೆ. ಜವುಗು ವಾಸನೆ ಪೂರ್ತಿ ಹೋಗಲು ಸಂಜೆ ಸ್ವಲ್ಪ ಹೊತ್ತು ಸಾಂಬ್ರಾಣಿ ಹೊಗೆ. ಹೀರುವುದರಲ್ಲಿ ಇದು ಬಿದಿರಿಗೆ ಸಮನಲ್ಲ, ಎರಡು ಗಂಟೆಗೊಮ್ಮೆ ಬದಲಿಸಲೇಬೇಕು. ಆದರೆ ಒಣಗಿದ ಸಾಧಾರಣ ಬಟ್ಟೆ ಒದ್ದೆಯಾದ ಒಳ್ಳೆಯ ಬಟ್ಟೆಗಿಂತ ಮಗುವಿಗೆ ಹಿತ. ಉಳಿದ ಚೂರುಗಳು ಜೊಲ್ಲು ಬಟ್ಟೆಗಳಾದವು, ಇನ್ನೊಂದಿಷ್ಟು ನೆನೆಸಿ ರುಬ್ಬಿದ ರಾಗಿಯ ಹಾಲನ್ನು ಸೋಸಲು ಅಡುಗೆಮನೆಗೆ ಹೋದವು. (ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿಡಿ ಎಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ; ನಮ್ಮ ಮನೆಯ ಗಂಡಸರಿಗೆ ಹೇಳಬೇಕಾಯಿತು.)

ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ಒಗೆಯುವ ಕೆಲಸದ ಸ್ವರೂಪವೇ ಬದಲಾಗುತ್ತದೆ. ಎದೆಹಾಲಿನ ಮಲ ನೀರಿಗೆ ಬಿಟ್ಟುಹೋಗುತ್ತಿತ್ತು, ಈಗ ಮೊದಲು ಅದನ್ನು ಶೌಚಾಲಯಕ್ಕೆ ಕೊಡವಿಯೇ ಒಗೆಯಬೇಕು. ಹೆಚ್ಚಿನ ಕಲೆಗಳು ನವೆಂಬರ್‌ನ ಬಿಸಿಲಿಗೆ ತಾವಾಗಿಯೇ ಮಾಸಿದವು, ಬಾಳೆಹಣ್ಣಿನ ಕಂದು ಕಲೆಗಳು ಮಾತ್ರ ಹಾಗೆಯೇ ಇವೆ. ಒಂದು ಕವಚದ ಮೇಲೆ ನೇರಳೆ ಬಣ್ಣದ ಅಂಗೈಯಗಲದ ಗುರುತೊಂದಿದೆ. ಅದು ಕಕ್ಕಡ 18ರಂದು (ಕೊಡಗಿನ ಪಂಚಾಂಗದಂತೆ ಆಗಸ್ಟ್ ಮೊದಲ ವಾರದಲ್ಲಿ ಬರುವ ದಿನ) ಮಾಡಿದ, ನೇರಳೆ ಬಣ್ಣ ಬಿಡುವ ಮದ್ದು ಸೊಪ್ಪಿನ ಪಾಯಸದ ಬಟ್ಟಲನ್ನು ಮಗಳೇ ಎಳೆದು ಚೆಲ್ಲಿದ್ದು. ಅದರ ದೂರನ್ನು ಕಂಪನಿಯ ಮೇಲೆ ಹಾಕಲಾಗದು.

ರಾತ್ರಿಯ ಬಳಕೆಯಲ್ಲಿ ಇದು ಸೋತಿದೆ. ಒಂದು ಮೈಕ್ರೋಫೈಬರ್, ಎರಡು ಪಂಚೆ ಚೌಕ ಸೇರಿಸಿದರೆ ಐದು ಗಂಟೆ ತಡೆಯುತ್ತದೆ, ಆದರೆ ಮಗುವಿನ ಸೊಂಟ ದಿಂಬಿನಷ್ಟು ದಪ್ಪವಾಗುತ್ತದೆ. ಹಾಗಾಗಿ ಎರಡೂ ಮಳೆಗಾಲಗಳಲ್ಲಿ ರಾತ್ರಿಗೆ, ಹಾಗೂ ಮಡಿಕೇರಿಗೆ ಹೋಗಿಬರುವ ದಿನಗಳಲ್ಲಿ, ಬಳಸಿ ಎಸೆಯುವ ಡೈಪರ್‌ಗಳನ್ನೇ ಹಾಕಿದೆವು. ತೋಟದ ಮನೆಯಲ್ಲಿ ಅವುಗಳನ್ನು ಎಸೆಯುವುದೂ ಸುಲಭವಲ್ಲ: ಕಸದ ಗಾಡಿ ನಮ್ಮ ದಾರಿಗೆ ಬರುವುದಿಲ್ಲ, ಹೂತರೆ ನಾಯಿ ಅಗೆದು ತೆಗೆಯುತ್ತದೆ. ಬಟ್ಟೆಯದಕ್ಕೆ ನಾವು ಅಂಟಿಕೊಂಡದ್ದಕ್ಕೆ ಹಣಕ್ಕಿಂತ ಇದೇ ದೊಡ್ಡ ಕಾರಣ.

ಬಾಳಿಕೆಯ ಬಗ್ಗೆ ದೂರು ಕಡಿಮೆ. ನಾನೇ ಹಾಳು ಮಾಡಿದ ಎರಡನ್ನು ಬಿಟ್ಟು ಹತ್ತು ಕವಚಗಳಲ್ಲಿ ಮೂರರ ಎಲಾಸ್ಟಿಕ್ ಸಡಿಲವಾಗಿದೆ, ಒಂದರ ಬಟನ್ ಕಿತ್ತಿದೆ. ಎಲಾಸ್ಟಿಕ್ ಇರುವ ಮಡಿಕೆಯನ್ನು ಬಿಚ್ಚಿ ಹೊಸದನ್ನು ತೂರಿಸಲು ಸೋಮವಾರಪೇಟೆಯ ದರ್ಜಿಯೊಬ್ಬರು ಮೂರಕ್ಕೂ ಸೇರಿ 90 ರೂಪಾಯಿ ತೆಗೆದುಕೊಂಡರು. ಬಳಸಿ ಎಸೆಯುವ ಡೈಪರ್ ಒಂದಕ್ಕೆ 11 ರೂಪಾಯಿಯಂತೆ ದಿನಕ್ಕೆ ಆರು ಎಂದಿಟ್ಟುಕೊಂಡರೂ ಕೊಟ್ಟ ಹಣ ಮೂರು ತಿಂಗಳೊಳಗೆ ಹುಟ್ಟುತ್ತದೆ.

ಕುಶಾಲನಗರದಂಥ ಒಣ ಕಡೆಯಲ್ಲಿ ಇರುವವರು ಪೂರ್ತಿ ಕಟ್ಟನ್ನೇ ಕೊಳ್ಳಬಹುದು. ಶಾಂತಳ್ಳಿ, ಭಾಗಮಂಡಲದ ಕಡೆಯವರು ಕವಚಗಳನ್ನು ಮಾತ್ರ ಬಿಡಿಯಾಗಿ ಹತ್ತು ತರಿಸಿ, ಮೂರು ಹಳೆಯ ಪಂಚೆಗಳನ್ನು ಹುಡುಕಿಟ್ಟುಕೊಳ್ಳಲಿ. ಮಗಳು ಈಗ ಹಗಲಿನಲ್ಲಿ ತಾನೇ ಹೇಳುತ್ತಾಳೆ, ಹೆಚ್ಚಿನ ಸಲ ಹೇಳುವುದು ಮುಗಿದ ಮೇಲೆ. ಫೆಬ್ರವರಿಯಲ್ಲಿ ನಾದಿನಿಗೆ ಹೆರಿಗೆ; ಚೆನ್ನಾಗಿರುವ ಏಳು ಕವಚಗಳನ್ನು ಒಗೆದು ತೆಗೆದಿಟ್ಟಿದ್ದೇನೆ, ಚೌಕಗಳಿಗೆ ಮಾವನವರ ಇನ್ನೊಂದು ಪಂಚೆಯ ಮೇಲೆ ಅತ್ತೆ ಆಗಲೇ ಕಣ್ಣಿಟ್ಟಿದ್ದಾರೆ.